ಬ್ಯಾಟರಿ ಆಸಿಡ್ ಚೆಲ್ಲಿದಲ್ಲಿ ಪೈಂಟ್ ನಿಲ್ಲಬೇಕಾದರೆ

ಬ್ಯಾಟರಿಯ ಆಸಿಡ್ ಬಿದ್ದ ಕಬ್ಬಿಣದ ತುಕ್ಕು ಕೆರೆದು, ಅದರ ಮೇಲೆ ಪೈಂಟ್ ಬಳಿದರೆ ಆ ಪೈಂಟ್ ಒಂದು ಮಳೆಗಾಲ ದಾಟುವುದಿಲ್ಲ. ಗುಳ್ಳೆ ಏಳುತ್ತದೆ, ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಒಳಗೆ ನೋಡಿದರೆ ಮೊದಲಿಗಿಂತ ಹೆಚ್ಚು ತುಕ್ಕು. ನಮ್ಮ ನೆರೆಕರೆಯ ಒಬ್ಬರು ತಮ್ಮ ಪಿಕಪ್ಪಿನ ಬ್ಯಾಟರಿ ಟ್ರೇಗೆ ಹೀಗೆ ಮೂರು ಸಲ ಪೈಂಟ್ ಹೊಡೆಸಿದರು. ಕೊನೆಗೆ ಟ್ರೇಯೇ ತೂತಾಗಿ ಬ್ಯಾಟರಿ ಜೋತಾಡತೊಡಗಿತು. ಪೈಂಟ್ ಒಳ್ಳೆಯದೇ ಇತ್ತು. ಅಡಿಯಲ್ಲಿದ್ದ ಆಸಿಡ್ ಮಾತ್ರ ಹೋಗಿರಲಿಲ್ಲ.

ಈಗ ಹೆಚ್ಚಿನ ಕೃಷಿಕರ ಮನೆಗಳಲ್ಲಿ ಒಂದಲ್ಲ ಒಂದು ಲೆಡ್-ಆಸಿಡ್ ಬ್ಯಾಟರಿ ಇದೆ. ಜೀಪು, ಪಿಕಪ್, ಟ್ರ್ಯಾಕ್ಟರು, ಇನ್ವರ್ಟರು, ಸೋಲಾರ್. ಆಸಿಡ್ ಚೆಲ್ಲುವುದು ಅಪರೂಪವಲ್ಲ. ಎರಡು ವರ್ಷದ ಹಿಂದೆ ನನ್ನ ಜೀಪಿನ ರೆಗ್ಯುಲೇಟರ್ ಕೆಟ್ಟು, ಬ್ಯಾಟರಿ ಅತಿಯಾಗಿ ಚಾರ್ಜ್ ಆಗಿ ಆಸಿಡ್ ಉಕ್ಕಿ ಟ್ರೇ ತುಂಬ ಹರಿದಿತ್ತು. ಆಗ ಮಾಡಿದ ಕೆಲಸವನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಯಾವ ಹಂತ ಏಕೆ ಬೇಕು ಎಂಬುದು ತಿಳಿದಿದ್ದರೆ ಗ್ಯಾರೇಜಿನವರಿಂದ ಮಾಡಿಸುವಾಗಲೂ ಹೇಳಿ ಮಾಡಿಸಬಹುದು.

ಒಣಗಿದರೂ ಹೋಗದ ಆಸಿಡ್

"ಭಾವಾ, ಒಣಗಿದೆಯಲ್ಲ, ಇನ್ನೆಂತ ತೊಳೆಯಲಿಕ್ಕೆ?" ಎಂದು ಆ ನೆರೆಕರೆಯವರೇ ಕೇಳಿದ್ದರು. ಎಡವಟ್ಟು ಆಗುವುದು ಇಲ್ಲಿಯೇ. ಬ್ಯಾಟರಿಯಲ್ಲಿರುವುದು ನೀರು ಬೆರೆಸಿದ ಗಂಧಕಾಮ್ಲ. ಪೂರ್ತಿ ಚಾರ್ಜ್ ಆದ ಬ್ಯಾಟರಿಯಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಮೂರನೇ ಒಂದು ಪಾಲು ಆಸಿಡ್, ಉಳಿದದ್ದು ನೀರು. ಚೆಲ್ಲಿದ ಮೇಲೆ ಆವಿಯಾಗುವುದು ನೀರು ಮಾತ್ರ. ಆಸಿಡ್ ಅಲ್ಲೇ ಉಳಿದು ಇನ್ನಷ್ಟು ಖಾರವಾಗುತ್ತದೆ. ಮಾತ್ರವಲ್ಲ, ಗಾಳಿಯಲ್ಲಿರುವ ತೇವವನ್ನು ಅದು ಹೀರಿಕೊಳ್ಳುತ್ತದೆ. ಬೇಸಗೆಯಲ್ಲಿ ಒಣಗಿದಂತೆ ಕಂಡ ಜಾಗ ಜೂನ್ ತಿಂಗಳಲ್ಲಿ ಪಸೆಪಸೆ ಆಗುವುದು ಇದೇ ಕಾರಣಕ್ಕೆ.

ಕಬ್ಬಿಣದ ಜತೆ ಸೇರಿದಾಗ ಆಸಿಡ್ ಕಬ್ಬಿಣದ ಸಲ್ಫೇಟ್ ಆಗುತ್ತದೆ. ತುಸು ಹಸಿರು ಮಿಶ್ರಿತ ಬಿಳಿ ಹುಡಿ. ಇದೂ ನೀರು ಕುಡಿಯುವ ಉಪ್ಪು. ಇದರ ಮೇಲೆ ಪೈಂಟ್ ಬಳಿದರೆ, ಪೈಂಟಿನ ಪದರದ ಮೂಲಕ ತೇವವನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಅಂದರೆ ತೆಗೆಯಬೇಕಾದದ್ದು ಎರಡು: ಒಂದು ಆಸಿಡ್, ಇನ್ನೊಂದು ಅದು ಬಿಟ್ಟುಹೋದ ಉಪ್ಪು. ಮೊದಲನೆಯದಕ್ಕೆ ಸೋಡಾ, ಎರಡನೆಯದಕ್ಕೆ ನೀರು ಮತ್ತು ಉಜ್ಜುವ ಕೆಲಸ.

ಬೋರ್ಡೋ ಲೆಕ್ಕವೇ

ಅಡಿಕೆ ಕೃಷಿಕರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಸುಲಭ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನ ನೀರು ಹುಳಿ ಗುಣದ್ದು. ಸುಣ್ಣ ಕಮ್ಮಿಯಾದರೆ ಎಲೆ, ಹಿಂಗಾರ ಸುಡುತ್ತದೆ. ಅದಕ್ಕೇ ಕತ್ತಿಯ ಅಲಗು ಅದ್ದಿ ನೋಡುವುದು, ಲಿಟ್ಮಸ್ ಕಾಗದ ಹಾಕಿ ನೋಡುವುದು. ಇಲ್ಲಿಯೂ ಅದೇ. ಆಸಿಡನ್ನು ಕ್ಷಾರದಿಂದ ಕೊಲ್ಲಬೇಕು, ಸತ್ತಿತೋ ಇಲ್ಲವೋ ಎಂದು ಪರೀಕ್ಷಿಸಬೇಕು.

ಆದರೆ ವಾಹನಕ್ಕೆ ಸುಣ್ಣ ಬೇಡ. ಸುಣ್ಣ ಮತ್ತು ಗಂಧಕಾಮ್ಲ ಸೇರಿದರೆ ಜಿಪ್ಸಮ್ ಆಗುತ್ತದೆ. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಸಂದುಗೊಂದುಗಳಲ್ಲಿ ಗಟ್ಟಿ ಕೂರುತ್ತದೆ. ಹೆಚ್ಚಾದ ಸುಣ್ಣ ಪೈಂಟನ್ನೂ ಅಲ್ಯುಮಿನಿಯಮ್ ಭಾಗಗಳನ್ನೂ ತಿನ್ನುತ್ತದೆ. ಕಾಸ್ಟಿಕ್ ಸೋಡಾ ಅಂತೂ ಮುಟ್ಟಲೇಬೇಡಿ. ಬಟ್ಟೆ ಸೋಡಾ ಆದೀತು, ಆದರೆ ಅದೂ ಸ್ವಲ್ಪ ಖಾರ, ಅಲ್ಯುಮಿನಿಯಮ್ಮಿಗೆ ಒಗ್ಗದು. ಎಲ್ಲಕ್ಕಿಂತ ಒಳ್ಳೆಯದು ಅಡಿಗೆ ಸೋಡಾ. ಹೆಚ್ಚಾದರೂ ಅಪಾಯವಿಲ್ಲ, ಆಸಿಡ್ ಇದ್ದಲ್ಲಿ ನೊರೆ ಬರಿಸಿ ತಾನೇ ತೋರಿಸಿಕೊಡುತ್ತದೆ, ಆಗುವ ಉಪ್ಪು ನೀರಿನಲ್ಲಿ ಸುಲಭವಾಗಿ ಕರಗಿ ಹೋಗುತ್ತದೆ.

ಎಷ್ಟು ಬೇಕು? ನೂರು ಮಿಲಿಲೀಟರ್ ಬ್ಯಾಟರಿ ಆಸಿಡ್ಡಿಗೆ ಸುಮಾರು 75 ಗ್ರಾಂ ಸೋಡಾ ಬೇಕಾಗುತ್ತದೆ. ಒಂದು ಲೀಟರ್ ನೀರಿಗೆ 50 ಗ್ರಾಂ ಕರಗಿಸಿದರೆ ಬಳಸಲು ಹದ. ಆ ಲೆಕ್ಕದಲ್ಲಿ ನೂರು ಮಿಲಿ ಆಸಿಡ್ಡಿಗೆ ಒಂದೂವರೆ ಲೀಟರ್ ಸೋಡಾ ನೀರು. ಎಷ್ಟು ಚೆಲ್ಲಿದೆ ಎಂದು ಗೊತ್ತಿಲ್ಲದಾಗ ಅರ್ಧ ಕಿಲೋ ತಂದಿಟ್ಟುಕೊಳ್ಳಿ. ಖರ್ಚು ಚಾ-ತಿಂಡಿಯಷ್ಟು.

ಮೊದಲು ಬ್ಯಾಟರಿ ಕೆಳಗಿಳಿಸಿ

ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಕಿಡಿಗೆ ಸಿಡಿಯಬಲ್ಲ ಅನಿಲ. ಹಾಗಾಗಿ ಬಾನೆಟ್ ತೆರೆದು ಸ್ವಲ್ಪ ಹೊತ್ತು ಗಾಳಿಯಾಡಲಿ. ಬೀಡಿ ದೂರ ಇರಲಿ.

ಬಿಚ್ಚುವಾಗ ಮೊದಲು ನೆಗೆಟಿವ್, ಮತ್ತೆ ಪಾಸಿಟಿವ್. ಈಗಿನ ವಾಹನಗಳಲ್ಲಿ ಬಾಡಿಗೆ ಸೇರಿರುವುದು ನೆಗೆಟಿವ್. ಅದನ್ನು ಮೊದಲೇ ಬಿಚ್ಚಿದರೆ, ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಜೋಡಿಸುವಾಗ ತಿರುಗು ಮುರುಗು: ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ.

ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್, ಮೈಗೆ ಬಿಸಾಡಲು ಅಡ್ಡಿಯಿಲ್ಲದ ಹಳೇ ಬಟ್ಟೆ. ಹತ್ತಿಬಟ್ಟೆಗೆ ಬಿದ್ದ ಆಸಿಡ್ ಕೂಡಲೇ ಗೊತ್ತಾಗೋದಿಲ್ಲ, ಒಗೆದ ಮೇಲೆ ತೂತು ಕಾಣುತ್ತದೆ. ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು, ಸಾಧ್ಯವಾದರೆ ನಳ್ಳಿಯ ಪೈಪು ಇರಲಿ. ಕಣ್ಣಿಗೆ ಹಾರಿದರೆ ಸೋಡಾ ಹಾಕಬಾರದು. ರೆಪ್ಪೆ ಅಗಲಿಸಿ ಹರಿಯುವ ನೀರಿನಲ್ಲಿ ಕನಿಷ್ಠ 15-20 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ಚರ್ಮಕ್ಕೂ ಧಾರಾಳ ನೀರೇ ಮದ್ದು.

ಇಳಿಸಿದ ಬ್ಯಾಟರಿಯ ಮೈಯನ್ನೂ ಸೋಡಾ ನೀರಿನಿಂದ ಒರೆಸಿ. ಆದರೆ ಮುಚ್ಚಳಗಳು ಬಿಗಿಯಾಗಿರಬೇಕು. ಸೋಡಾ ಒಳಗೆ ಹೋದರೆ ಒಳಗಿನ ಆಸಿಡ್ ಸತ್ತು ಬ್ಯಾಟರಿಯೇ ಕೆಡುತ್ತದೆ.

ಕೆಳಗೆ ಏನೇನಿದೆ, ಟಾರ್ಚ್ ಹಾಕಿ ನೋಡಿ

ಹೆಚ್ಚಿನವರು ಟ್ರೇ ಮಾತ್ರ ನೋಡುತ್ತಾರೆ. ಆಸಿಡ್ ನಿಲ್ಲುವುದು ಅಲ್ಲಿ ಅಲ್ಲ, ಕೆಳಗೆ ಇಳಿಯುತ್ತದೆ. ನನ್ನ ಜೀಪಿನ ಟ್ರೇಯ ನೇರ ಕೆಳಗೆ ಬ್ರೇಕ್ ಎಣ್ಣೆಯ ಸಪೂರ ಕಬ್ಬಿಣದ ಪೈಪು ಹಾದುಹೋಗಿತ್ತು. ಅದರ ಮೇಲೂ ಬಿಳಿ ಹುಡಿ, ಕೆಳಗೆ ತುಕ್ಕಿನ ಹುಣ್ಣು. ಇಂಥ ಪೈಪನ್ನು ತೊಳೆದು ಪೈಂಟ್ ಹೊಡೆದು ಮುಂದುವರಿಯುವಂತಿಲ್ಲ. ಮೆಕ್ಯಾನಿಕ್ಕನ್ನು ಕರೆದು ಆ ತುಂಡನ್ನೇ ಬದಲಾಯಿಸಿದೆ. ಘಾಟಿ ಇಳಿಯುವಾಗ ಒಡೆಯುವುದು ಇಂಥ ಪೈಪೇ.

ಇನ್ನೊಂದು ಮುಖ್ಯ ಸಂಗತಿ. ಬ್ಯಾಟರಿಯನ್ನು ಪಿಕಪ್ಪಿನ ಹಿಂದೆ ಇಟ್ಟು ಪೇಟೆಗೆ ಒಯ್ಯುವುದುಂಟು. ಅದೇ ಜಾಗದಲ್ಲಿ ಮದ್ದು ಬಿಡುವವರ, ಕೊಯ್ಲಿನವರ ನೈಲಾನ್ ಹಗ್ಗ ಬಿದ್ದಿರುತ್ತದೆ. ಆಸಿಡ್ ನೈಲಾನಿನ ನೂಲನ್ನು ಒಳಗಿಂದೊಳಗೇ ಕೊಳೆಸುತ್ತದೆ. ಹೊರಗಿನಿಂದ ನೋಡಿದರೆ ಹಗ್ಗ ಗಟ್ಟಿ ಇದ್ದಂತೆಯೇ ಕಾಣಬಹುದು. ಮರ ಹತ್ತುವವರ ಹಗ್ಗಕ್ಕೆ ಆಸಿಡ್ ತಾಗಿದ ಸಂಶಯ ಬಂದರೂ ಸಾಕು, ಅದನ್ನು ತುಂಡರಿಸಿ ಬಿಸಾಡಿ. ತೊಳೆದು ಬಳಸುವ ಲೆಕ್ಕಾಚಾರ ಬೇಡ. ಹಗ್ಗಕ್ಕಿಂತ ಜನ ದೊಡ್ಡದು.

ತೊಳೆಯುವ ಕ್ರಮ

1. ಆಸಿಡ್ ನಿಂತಿದ್ದರೆ ಒಣ ಮರಳು ಹಾಕಿ ಹೀರಿಸಿ. ಪ್ಲಾಸ್ಟಿಕ್ ಪಾತ್ರೆಗೆ ಎತ್ತಿಹಾಕಿ ಅದರ ಮೇಲೂ ಸೋಡಾ ಉದುರಿಸಿ.

2. ಎಂಜಿನ್ ತಣ್ಣಗಿರಲಿ. ಪಕ್ಕದ ವಯರು, ಡೈನಮೊಗಳಿಗೆ ಪ್ಲಾಸ್ಟಿಕ್ ಹೊದಿಸಿ. ಟ್ರೇಯ ಕೆಳಗೆ ಒಂದು ಪ್ಲಾಸ್ಟಿಕ್ ಬೇಸಿನ್ ಇಡಿ.

3. ಸೋಡಾ ನೀರನ್ನು ಸ್ವಲ್ಪ ಸ್ವಲ್ಪವೇ ಹೊಯ್ಯಿರಿ. ಒಮ್ಮೆಲೇ ಸುರಿದರೆ ನೊರೆ ಸಿಡಿಯುತ್ತದೆ. ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಸಂದುಗಳನ್ನು ಉಜ್ಜಿ. ಈ ಹಂತದಲ್ಲಿ ತಂತಿ ಬ್ರಶ್ ಬೇಡ. ಅದು ಆಸಿಡನ್ನು ಮುಖಕ್ಕೆ ಚಿಮ್ಮಿಸುತ್ತದೆ.

4. ಹತ್ತು ನಿಮಿಷ ಬಿಡಿ. ನೀರಿನಲ್ಲಿ ತೊಳೆಯಿರಿ. ಮತ್ತೆ ಸೋಡಾ ನೀರು ಹಾಕಿ. ನೊರೆ ಬಂತೇ? ಆಸಿಡ್ ಇನ್ನೂ ಇದೆ. ನೊರೆ ನಿಲ್ಲುವ ತನಕ ಇದನ್ನೇ ಮಾಡಿ.

5. ನೊರೆ ನಿಂತಿತೆಂದು ನಂಬಿ ಕೂರಬೇಡಿ. ಅದು ನಿಂತದ್ದು ಮೇಲ್ಗಡೆ ಮಾತ್ರ. ತುಕ್ಕಿನ ಹಕ್ಕಳೆ, ಎದ್ದ ಪೈಂಟುಗಳ ಅಡಿಯಲ್ಲಿ ಸೋಡಾ ತಲುಪದ ಆಸಿಡ್ ಅಡಗಿರುತ್ತದೆ. ಈಗ ಅವನ್ನು ಕೆರೆದು ತೆಗೆಯಿರಿ. ಗುಳ್ಳೆಯ ಅಂಚಿಗೆ ನಿಲ್ಲಿಸದೆ ಗಟ್ಟಿ ಪೈಂಟ್ ಸಿಕ್ಕುವ ತನಕ ಹೋಗಿ.

6. ಕೆರೆದ ಮೇಲೆ ಪುನಃ ಸೋಡಾ ನೀರು. ನನ್ನ ಜೀಪಿನಲ್ಲಿ ಮೊದಲು ಶಾಂತವಾಗಿದ್ದ ಜಾಗ ಹಕ್ಕಳೆ ಎಬ್ಬಿಸಿದಾಗ ಮತ್ತೆ ಬುಸ್ಸೆಂದು ನೊರೆ ಬಿಟ್ಟಿತು. ಹೆಚ್ಚಿನ ಕಡೆ ಬಿಟ್ಟುಹೋಗುವುದು ಈ ಎರಡನೇ ಸುತ್ತು.

7. ಕೊನೆಗೆ ಬರೇ ನೀರು, ಧಾರಾಳವಾಗಿ. ಸೋಡಾ ಉಳಿದರೂ ಪೈಂಟ್ ಕಚ್ಚುವುದಿಲ್ಲ. ಬೆಸುಗೆಯ ಸಂದು, ಮಡಚಿದ ಅಂಚುಗಳಿಗೆ ಪೈಪಿನಿಂದ ಜೋರಾಗಿ ಬಿಡಿ.

ಆಸಿಡ್ ಸತ್ತಿತೋ?

ಬೋರ್ಡೋಗೆ ತಂದ ಲಿಟ್ಮಸ್ ಕಾಗದ ಮನೆಯಲ್ಲಿದ್ದರೆ ಒಳ್ಳೆಯದು. ತೊಳೆದ ಜಾಗಕ್ಕೆ ಒಂದೆರಡು ಹನಿ ಶುದ್ಧ ನೀರು ಹಾಕಿ ಐದು ನಿಮಿಷ ಬಿಟ್ಟು ನೀಲಿ ಕಾಗದ ತಾಗಿಸಿ. ಕೆಂಪಾದರೆ ಆಸಿಡ್ ಇದೆ.

ಕಾಗದ ಇಲ್ಲವೇ? ಅಂಗಳದ ಕೆಂಪು ದಾಸವಾಳ ಸಾಕು. ನಾಲ್ಕು ಹೂವಿನ ಎಸಳನ್ನು ಬಿಸಿನೀರಿನಲ್ಲಿ ಕಿವುಚಿ ಸೋಸಿ. ಆ ಬಣ್ಣದ ನೀರು ಆಸಿಡ್ಡಿಗೆ ಎದ್ದು ಕಾಣುವ ಕೆಂಪಾಗುತ್ತದೆ, ಸೋಡಾಕ್ಕೆ ಹಸಿರಿಗೆ ತಿರುಗುತ್ತದೆ. ಹೋಲಿಸಲಿಕ್ಕೆ ಒಂದು ತಟ್ಟೆಯಲ್ಲಿ ನಿಂಬೆರಸಕ್ಕೂ ಇನ್ನೊಂದರಲ್ಲಿ ಸೋಡಾ ನೀರಿಗೂ ಒಂದೊಂದು ಹನಿ ಹಾಕಿಟ್ಟುಕೊಂಡರೆ ಗೊಂದಲವಿಲ್ಲ. ಅರಶಿನ ಇಲ್ಲಿ ಪ್ರಯೋಜನಕ್ಕೆ ಬಾರದು. ಅದು ಕ್ಷಾರಕ್ಕೆ ಕೆಂಪಾಗುತ್ತದೆಯೇ ಹೊರತು ಆಸಿಡ್ಡಿಗೂ ಬರೇ ನೀರಿಗೂ ಹಳದಿಯಾಗಿಯೇ ಇರುತ್ತದೆ.

ಪರೀಕ್ಷೆಯನ್ನು ಒಂದು ರಾತ್ರಿ ಬಿಟ್ಟು ಇನ್ನೊಮ್ಮೆ ಮಾಡಿ. ಸಂದಿನಲ್ಲಿ ಉಳಿದದ್ದು ಅಷ್ಟರಲ್ಲಿ ಒಸರಿ ಬಂದಿರುತ್ತದೆ.

ಪೈಂಟಿನ ಕೆಲಸ

ಒಣಗಿದ ಮೇಲೆ ತಂತಿ ಬ್ರಶ್, ಅನಂತರ 80 ನಂಬ್ರದ ಎಮರಿ ಕಾಗದ. ಕಬ್ಬಿಣ ಹೊಳೆಯಬೇಕು. ಹಳೇ ಪೈಂಟಿನ ಅಂಚನ್ನು 220ರಲ್ಲಿ ಉಜ್ಜಿ ಇಳಿಜಾರು ಮಾಡಿ. ಮೆಟ್ಟಿಲಿನ ಹಾಗೆ ಉಳಿದರೆ ಹೊಸ ಪೈಂಟ್ ಅಲ್ಲಿಂದಲೇ ಏಳುತ್ತದೆ. ಇಲ್ಲಿ ಧೂಳಿನಲ್ಲಿ ಸೀಸ ಇರಬಹುದು. ಬ್ಯಾಟರಿಯಿಂದ ಬಂದ ಬಿಳಿ ಹುಡಿಯಲ್ಲಿ ಅದರ ಸಲ್ಫೇಟ್ ಇರುತ್ತದೆ. ಹಾಗಾಗಿ ಹುಡಿ ಇದ್ದ ಜಾಗವನ್ನು ನೀರು ಚಿಮುಕಿಸಿ ಉಜ್ಜುವುದು ಲೇಸು. ಬಾಯಿಂದ ಊದುವುದು ಬೇಡ, ಮೂಗಿಗೆ ಬಟ್ಟೆ ಇರಲಿ. ಮಧ್ಯೆ ಎಲೆಯಡಿಕೆ ಹಾಕುವ ಅಭ್ಯಾಸ ಇದ್ದವರು ಸಾಬೂನಿನಲ್ಲಿ ಕೈ ತೊಳೆದೇ ಹಾಕಿ.

ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಕಬ್ಬಿಣ ಒಳಹೋದರೆ, ತೂತಾದರೆ, ಪುಟ್ಟಿ ಮೆತ್ತಿ ಮುಚ್ಚಬೇಡಿ. ಪುಟ್ಟಿ ಬ್ಯಾಟರಿಯ ಭಾರ ಹೊರಲಾರದು. ಆ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ. ವೆಲ್ಡಿಂಗ್ ಸಮಯದಲ್ಲಿ ಬ್ಯಾಟರಿ ವಾಹನದಲ್ಲಿ ಇರಬಾರದು, ಹತ್ತಿರವೂ ಬೇಡ.

ಜಿಡ್ಡು ತೆಗೆಯಲು ಥಿನ್ನರ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಸೀಮೆಎಣ್ಣೆ, ಡೀಸೆಲ್ ಬೇಡ, ಅವು ಎಣ್ಣೆಯ ಪಸೆ ಬಿಡುತ್ತವೆ. ಹೊಳೆಯುವ ಕಬ್ಬಿಣ ನಮ್ಮ ಹವೆಯಲ್ಲಿ ಒಂದೇ ರಾತ್ರಿಗೆ ಕೆಂಪಾಗುತ್ತದೆ. ಆದ್ದರಿಂದ ಉಜ್ಜಿದ ದಿನವೇ ಪ್ರೈಮರ್ ಬೀಳಬೇಕು. ಬಿಸಿಲಿರುವ ದಿನ ಬೆಳಗ್ಗೆ ಹತ್ತರ ಮೇಲೆ ಶುರು ಮಾಡಿ. ಮಳೆ ಹಿಡಿದಿರುವಾಗ ಮಾಡುವುದಕ್ಕಿಂತ ತೊಳೆದು ಆಸಿಡ್ ತೆಗೆದಿಟ್ಟು ಬಿಸಿಲಿಗೆ ಕಾಯುವುದೇ ಮೇಲು.

ಯಾವ ಪೈಂಟ್? ಸಾಮಾನ್ಯವಾಗಿ ರೆಡ್ ಆಕ್ಸೈಡ್ ಪ್ರೈಮರ್ ಮೇಲೆ ಇನಾಮಲ್ ಬಳಿಯುತ್ತಾರೆ. ಬಾಡಿಗೆ ಅದು ಸಾಕು. ಬ್ಯಾಟರಿಯ ಅಡಿಗೆ ಅದಕ್ಕಿಂತ ಗಟ್ಟಿ ಬೇಕು. ಎರಡು ಡಬ್ಬಿ ಬೆರೆಸಿ ಬಳಿಯುವ ಎಪಾಕ್ಸಿ ಆಸಿಡ್ಡಿಗೆ ಹೆಚ್ಚು ತಾಳುತ್ತದೆ. ನಾನು ಟ್ರೇಗೆ ಎಪಾಕ್ಸಿ ಪ್ರೈಮರ್, ಮೇಲಿಂದ ಎಪಾಕ್ಸಿ ಪೈಂಟ್ ಎರಡು ಕೋಟ್ ಕೊಟ್ಟೆ. ಬೆರೆಸಿದ್ದು ಕೆಲವು ಗಂಟೆಯಲ್ಲಿ ಗಟ್ಟಿಯಾಗುವ ಕಾರಣ ಬೇಕಾದಷ್ಟೇ ಬೆರೆಸಬೇಕು. ಕಮ್ಮಿ ಖರ್ಚಿನ ಇನ್ನೊಂದು ದಾರಿ ಕಪ್ಪು ಬಿಟುಮಿನಸ್ ಪೈಂಟ್. ತೆಳು ಆಸಿಡ್ಡಿಗೆ ತಡೆಯುತ್ತದೆ. ಆದರೆ ಪೆಟ್ರೋಲ್, ಡೀಸೆಲ್ ಬಿದ್ದರೆ ಕರಗುತ್ತದೆ. ಅದರ ಮೇಲೆ ಇನಾಮಲ್ ಬಳಿದರೆ ಕಪ್ಪು ಮೇಲೆದ್ದು ಬರುತ್ತದೆ. ಯಾವುದೇ ಆಗಲಿ, ಡಬ್ಬಿಯಲ್ಲಿ ಹೇಳಿದಷ್ಟು ಸಮಯ ಒಣಗದೆ ಬ್ಯಾಟರಿ ಕೂರಿಸಬೇಡಿ.

ಮತ್ತೆ ಚೆಲ್ಲದ ಹಾಗೆ

ಕಾರಣ ಹುಡುಕದೆ ಪೈಂಟ್ ಹೊಡೆದರೆ ಕೆಲಸ ಮಾಡಿದ್ದು ದಂಡ. ನೋಡಬೇಕಾದವು ಇಷ್ಟು. ಬ್ಯಾಟರಿ ಬಿಗಿಹಿಡಿಯುವ ಕ್ಲಾಂಪ್ ಸಡಿಲವೇ? ತೋಟದ ದಾರಿಯ ಗುಂಡಿಗಳಲ್ಲಿ ಕುಣಿದು ಡಬ್ಬ ಒಡೆಯುತ್ತದೆ. ಮುಚ್ಚಳದ ಗಾಳಿತೂತು ಕಟ್ಟಿದೆಯೇ? ಡಿಸ್ಟಿಲ್ಡ್ ನೀರು ಹೆಚ್ಚಾಯಿತೇ? ಪ್ಲೇಟುಗಳ ಮೇಲೆ 10-15 ಮಿಲಿಮೀಟರ್ ನಿಂತರೆ ಸಾಕು. ಕಂಠಮಟ್ಟ ತುಂಬಿದರೆ ಚಾರ್ಜ್ ಆಗುವಾಗ ಉಕ್ಕುತ್ತದೆ. ಕಡಿಮೆಯಾದದ್ದು ನೀರು, ಆದ್ದರಿಂದ ನೀರನ್ನೇ ತುಂಬಬೇಕು, ಆಸಿಡ್ ಅಲ್ಲ. ಬಾವಿ ನೀರೂ ಬೇಡ.

ಪದೇ ಪದೇ ನೀರು ಇಳಿಯುತ್ತಿದ್ದರೆ ಚಾರ್ಜಿಂಗ್ ನೋಡಿಸಿ. 12 ವೋಲ್ಟಿನ ಬ್ಯಾಟರಿಗೆ ಎಂಜಿನ್ ಓಡುವಾಗ ಸುಮಾರು 13.8ರಿಂದ 14.5 ವೋಲ್ಟ್ ಇದ್ದರೆ ಸರಿ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ ಎಂದೇ ಲೆಕ್ಕ.

ಬ್ಯಾಟರಿಯ ಅಡಿಗೆ ಅಂಚಿರುವ ಪ್ಲಾಸ್ಟಿಕ್ ತಟ್ಟೆ ಇಟ್ಟರೆ ಹನಿ ಬಿದ್ದರೂ ಕಬ್ಬಿಣಕ್ಕೆ ತಾಗೋದಿಲ್ಲ. ಟರ್ಮಿನಲ್ ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಹಚ್ಚಿ. ಇನ್ವರ್ಟರ್ ಬ್ಯಾಟರಿಗೂ ಹೀಗೊಂದು ತಟ್ಟೆ ಬೇಕು. ದೊಡ್ಡ ಬ್ಯಾಟರಿಯಲ್ಲಿ ಹತ್ತು ಲೀಟರಿಗೂ ಮೀರಿ ಆಸಿಡ್ ನೀರು ಇರುತ್ತದೆ. ಸಿಮೆಂಟ್ ನೆಲಕ್ಕೆ ಚೆಲ್ಲಿದರೆ ಸಿಮೆಂಟಿನಲ್ಲಿರುವ ಸುಣ್ಣವನ್ನೇ ತಿಂದು ನೆಲ ಹುಡಿಹುಡಿ ಮಾಡುತ್ತದೆ. ಅಲ್ಲಿಯೂ ಮದ್ದು ಸೋಡಾವೇ.

ಹಟ್ಟಿಯಿಂದ ದೂರ

ಸೋಡಾ ಆಸಿಡನ್ನು ಕೊಲ್ಲುತ್ತದೆ, ಸೀಸವನ್ನಲ್ಲ. ಇದನ್ನು ಮರೆಯಬಾರದು. ತೊಳೆಯುವ ಕೆಲಸ ಬಾವಿ, ದನ ನೀರು ಕುಡಿಯುವ ತೊಟ್ಟಿ, ತರಕಾರಿ ಸಾಲುಗಳಿಂದ ದೂರ ಆಗಬೇಕು. ಕೆರೆದ ಹುಡಿ, ಮರಳು, ಒರೆಸಿದ ಬಟ್ಟೆ ಗೊಬ್ಬರ ಗುಂಡಿಗೆ ಹೋಗಬಾರದು. ಸುಡಲೂಬಾರದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಕ್ಕಳ, ಜಾನುವಾರುಗಳ ಕೈಬಾಯಿಗೆ ಸಿಗದಲ್ಲಿ ಇಡಿ.

ಹಳೇ ಬ್ಯಾಟರಿಯನ್ನು ಹಟ್ಟಿಯ ಮೂಲೆಯಲ್ಲೋ ಕೊಟ್ಟಿಗೆಯ ಹಿಂದೆಯೋ ಒಗೆದಿಡುವವರಿದ್ದಾರೆ. ಒಡೆದ ಬ್ಯಾಟರಿ ನೆಕ್ಕಿ ದನಗಳಿಗೆ ಸೀಸದ ವಿಷ ಏರುವುದು ಪಶುವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಕಣ್ಣು ಕಾಣದೆ ಗೋಡೆಗೆ ತಲೆ ಒತ್ತಿ ನಿಲ್ಲುವುದು, ಹಲ್ಲು ಕಡಿಯುವುದು, ನಡುಗಿ ಬೀಳುವುದು ಅದರ ಲಕ್ಷಣ. ಕರುಗಳು ಬೇಗ ಸಾಯುತ್ತವೆ. ಒಂದು ಕರುವಿನ ಬೆಲೆಯೆದುರು ಹಳೇ ಬ್ಯಾಟರಿಯ ಗುಜರಿ ಹಣ ಏನೂ ಅಲ್ಲ. ಬ್ಯಾಟರಿಗಳ ವಿಲೇವಾರಿಗೆ 2001ರಲ್ಲೇ ಕೇಂದ್ರ ಸರಕಾರದ ನಿಯಮ ಬಂದಿತ್ತು. ಅದರ ಬದಲಿಗೆ 2022ರಲ್ಲಿ ಹೊಸ ನಿಯಮ ಬಂದಿದೆ. ಹೊಸ ಬ್ಯಾಟರಿ ತರುವ ದಿನವೇ ಹಳೆಯದನ್ನು ಅಂಗಡಿಗೆ ಒಯ್ದು ಕೊಟ್ಟು, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಿಸಿಕೊಳ್ಳಿ. ಒಯ್ಯುವಾಗ ನೇರ ನಿಲ್ಲಿಸಿ, ಪ್ಲಾಸ್ಟಿಕ್ ಬೇಸಿನ್ನಿನಲ್ಲಿಟ್ಟು, ಅಲುಗದ ಹಾಗೆ ಕಟ್ಟಿ. ಹಗ್ಗ, ಗೋಣಿ, ಹಿಂಡಿ ಚೀಲ ಅದರ ಹತ್ತಿರ ಬೇಡ.